ಮಗು ಯಾರದು ಎಂದು ಕೇಳಿದಾಗ

ಇಸ್ಮಾನಿ ಹುಟ್ಟಿದ್ದು ಹೈಟಿಯಲ್ಲಿ. ಆದರೆ ಹದಿನೇಳು ವರ್ಷದಿಂದ ಗಡಿಯ ಈಚೆ, ಪಕ್ಕದ ದೇಶದ ಸಾಂತಿಯಾಗೊ ಪಟ್ಟಣದಲ್ಲಿ ಸಂಸಾರ ಹೂಡಿದ್ದಳು. ಸೋಮವಾರ, ಶುಕ್ರವಾರ ಗಡಿಯಂಚಿನ ದಹಾಬೋನ್ ಸಂತೆಗೆ ಹೋಗಿ ಹಳೇ ಬಟ್ಟೆಯ ಗಂಟು ತಂದು ಮಾರುವುದು ಅವಳ ಕಸುಬು. ಕಾಯಂ ನಿವಾಸಿಯ ಕಾರ್ಡು ಸದಾ ಅವಳ ಎದೆಯ ಹತ್ತಿರವೇ ಇರುತ್ತಿತ್ತು. ಆದರೂ ದಾರಿಯಲ್ಲಿ ಸಿಪಾಯಿಗಳು ಬಸ್ಸಿಗೆ ಕೈ ತೋರಿಸಿದಾಗಲೆಲ್ಲ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಆ ಶುಕ್ರವಾರ ಸಂತೆಯಿಂದ ಮರಳುವಾಗ ಪಕ್ಕದ ಸೀಟಿನಲ್ಲಿ ವಿಡ್ಲಿನ್ ಎಂಬ ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಎಂಟು ತಿಂಗಳ ಗಂಡುಮಗು, ಮೈ ಕೆಂಡದಂತೆ ಸುಡುತ್ತಿತ್ತು. ಸಾಂತಿಯಾಗೊದ ದೊಡ್ಡಾಸ್ಪತ್ರೆಗೆ ಹೊರಟಿದ್ದಳು. ಅವಳ ಹತ್ತಿರ ಕಾಗದಪತ್ರ ಏನೂ ಇರಲಿಲ್ಲ.

ಬಸ್ಸು ನಿಧಾನವಾಯಿತು. ಮುಂದೆ ರಸ್ತೆಗೆ ಅಡ್ಡಲಾಗಿ ಕಾಗದವಿಲ್ಲದವರನ್ನು ಗಡಿಯಾಚೆ ಸಾಗಿಸುವ, ಜಾಲರಿ ಕಟ್ಟಿದ ಲಾರಿ ನಿಂತಿತ್ತು.

"ಅಕ್ಕಾ, ನಿಮ್ಹತ್ರ ಕಾರ್ಡಿದೆಯಲ್ವಾ?" ವಿಡ್ಲಿನ್ ಪಿಸುಗುಟ್ಟಿದಳು. "ಇವನನ್ನ ನಿಮ್ಮದು ಅಂತ ಹೇಳಿಬಿಡಿ. ಆ ಲಾರೀಲಿ ಬಿಸಿಲಿಗೆ ಸತ್ತೇ ಹೋಗ್ತಾನೆ. ಸೋಮವಾರ ಸಂತೆಗೆ ಗಡಿ ತೆರೆದಾಗ, ಸೇತುವೆ ಹತ್ರ ನಿಂತಿರ್ತೀನಿ."

"ನನ್ನ ಕಾರ್ಡೇ ಕಿತ್ಕೊಂಡ್ರೆ ಏನೇ ಮಾಡ್ಲಿ? ಮನೇಲಿ ನನಗೂ ಇಬ್ಬರು ಮಕ್ಕಳಿದ್ದಾರೆ!"

ವಿಡ್ಲಿನ್ ಮಗುವನ್ನು ಇಸ್ಮಾನಿಯ ತೊಡೆಗೆ ಜಾರಿಸಿ ಕಿಟಕಿಯತ್ತ ತಿರುಗಿ ಕೂತಳು.

ಸಿಪಾಯಿ ಹತ್ತಿದ. ಮೊದಲು ವಿಡ್ಲಿನ್‌ಳನ್ನು ತೋಳು ಹಿಡಿದು ಎಬ್ಬಿಸಿ ಕೆಳಗಿದ್ದವರಿಗೆ ಒಪ್ಪಿಸಿದ. ಅವಳು ಹಿಂದಿರುಗಿ ನೋಡಲಿಲ್ಲ. ಮಗು ಅವಳ ಕಡೆ ಕೈಚಾಚಿ ಕಿರುಚಿತು. ಇಸ್ಮಾನಿ ಅದರ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡರೂ ಅದು ಕತ್ತು ಹೊರಳಿಸಿ ಕಿಟಕಿಯಾಚೆ ನೋಡುತ್ತಲೇ ಇತ್ತು.

ಸಿಪಾಯಿ ಇಸ್ಮಾನಿಯ ಕಾರ್ಡನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. "ಮಗು ಯಾರದು?"

"ನಂದು."

"ಇದರ ಕಾಗದ?"

"ಮನೇಲಿದೆ ಸಾರ್. ಜ್ವರ ನೋಡಿ, ಅವಸರದಲ್ಲಿ..."

"ನಿನ್ನನ್ನ ನೋಡ್ತಿಲ್ಲ, ಅವಳನ್ನೇ ನೋಡ್ತಿದೆಯಲ್ಲ?"

ಇಸ್ಮಾನಿ ಮಗುವಿನ ತಲೆಯನ್ನು ತನ್ನತ್ತ ತಿರುಗಿಸಿಕೊಂಡಳು. ಮುಂದಿನಿಂದ, ವರ್ಷಗಳಿಂದ ಅವಳನ್ನು ಬಲ್ಲ ಡ್ರೈವರ್ ಚೇಪೆ ಗದರಿದ: "ಸಾರ್, ಈಯಮ್ಮ ಬಸುರಿ ಆಗಿದ್ದಾಗ್ಲೂ ನನ್ನ ಬಸ್ಸಲ್ಲೇ ವಾಂತಿ ಮಾಡ್ಕೊಂಡು ಓಡಾಡಿದಾಳೆ. ತೊಳೆದೋನು ನಾನು! ಬೇಗ ಬಿಡಿ, ಹೊತ್ತಾಯ್ತು."

ಯಾರೋ ನಕ್ಕರು. ಸಿಪಾಯಿ ಕಾರ್ಡು ಅವಳ ಮಡಿಲಿಗೆ ಎಸೆದು ಇಳಿದ.

ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಇಸ್ಮಾನಿ ತನ್ನ ಹೆಸರನ್ನೇ ತಾಯಿಯದೆಂದು ಕೊಟ್ಟಳು. ಸುಳ್ಳಿಗೆ ಈಗ ದಾಖಲೆಯೂ ಆಯಿತು. ಔಷಧಿ ಪಡೆದು ಮಗುವನ್ನು ಮನೆಗೆ ಕರೆತಂದಳು; ಭಾನುವಾರ ಜ್ವರ ಇಳಿಯಿತು. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಸಾಕು, ಮಗುವನ್ನೆತ್ತಿಕೊಂಡು ಹಿತ್ತಿಲ ಬಾಗಿಲಿಗೆ ಓಡುತ್ತಿದ್ದಳು.

ಸೋಮವಾರ ಗಡಿಯತ್ತ ಹೋಗುವ ಬಸ್ಸನ್ನು ಯಾರೂ ತಡೆಯಲಿಲ್ಲ. ಸೇತುವೆಯ ಬಳಿ ಜನಜಂಗುಳಿ. ಒಂದು ಗಂಟೆ ಹುಡುಕಿದಳು. ವಿಡ್ಲಿನ್ ಬರದಿದ್ದರೆ? ಈ ಮಗುವಿನೊಂದಿಗೆ ಮತ್ತೆ ಅದೇ ದಾರಿಯೇ? ಅಷ್ಟರಲ್ಲಿ ಬೆಳ್ಳುಳ್ಳಿ ಮೂಟೆಗಳ ನಡುವಿನಿಂದ ವಿಡ್ಲಿನ್ ನುಗ್ಗಿ ಬಂದಳು. ಎರಡು ಹಗಲು ಕೂಡಿಹಾಕಿ ಗಡಿಯಾಚೆ ಬಿಟ್ಟಿದ್ದರಂತೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮಗು ಒಂದು ಗಳಿಗೆ ಅವಳನ್ನು ದಿಟ್ಟಿಸಿ ನೋಡಿ, ಆಮೇಲೆ ಅವಳ ಕೂದಲಿಗೆ ಕೈ ಹಾಕಿತು.

"ಅಕ್ಕಾ..." ಎಂದಷ್ಟೇ ಅಂದಳು.

"ಔಷಧಿ ಇನ್ನೂ ಮೂರು ದಿನ ಕುಡಿಸ್ಬೇಕು," ಎಂದು ಇಸ್ಮಾನಿ ಸೀಸೆ ಕೊಟ್ಟಳು.

ಅಂದು ಬಟ್ಟೆ ಕೊಳ್ಳಲಿಲ್ಲ. ಬರಿಗೈಯಲ್ಲೇ ಬಸ್ಸು ಹತ್ತಿ, ಕಿಟಕಿಯಿಂದ ದೂರದ ಸೀಟು ಹುಡುಕಿಕೊಂಡಳು. ಅದೇ ಸಿಪಾಯಿ 'ಮಗು ಎಲ್ಲಿ?' ಎಂದು ಕೇಳಿದರೆ? ಮೊದಲ ತಪಾಸಣೆ ಬರುವಷ್ಟರಲ್ಲಿ ಕಾರ್ಡು ಅಂಗೈ ಬೆವರಿನಲ್ಲಿ ತೊಯ್ದಿತ್ತು.