ಹನ್ನೆರಡನೆಯ ಚಮಚ

೧

2023ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ 11 ಗಂಟೆ 40 ನಿಮಿಷ.

ಹೀಗೆ ಶುರು ಮಾಡಿದರೆ ಪೊಲೀಸರ ಮಹಜರಿನಂತೆ ಕಾಣುತ್ತದೆ, ಗೊತ್ತು. ಅಡುಗೆಯವರ ಕಥೆ ಪರಿಮಳದಿಂದ ಶುರುವಾಗಬೇಕು ಎಂಬ ನಂಬಿಕೆಯಿದೆ. ನಾನೂ ಮೂರು ಸಲ ಪರಿಮಳದಿಂದಲೇ ಶುರು ಮಾಡಿ ಹರಿದುಹಾಕಿದೆ. ಆ ಹೊತ್ತಿಗೆ ಆ ಆಸ್ಪತ್ರೆಯ ವಾರ್ಡಿನಲ್ಲಿ ನಿಜವಾಗಿ ಇದ್ದದ್ದು ಫಿನಾಯಿಲಿನ ವಾಸನೆ. ಹಾಗಾಗಿ ಗಡಿಯಾರವೇ ವಾಸಿ. ಈ ಕಥೆಯಲ್ಲಿ ನನ್ನ ಮೇಲೆ ಒಮ್ಮೆಯೂ ರೇಗದ ಪಾತ್ರ ಅದೊಂದೇ.

ಬೇಕಿದ್ದದ್ದು ಕಥೆಯೂ ಅಲ್ಲ. ಟಿವಿಯ ಆ ಪ್ರಸಿದ್ಧ ಅಡುಗೆ ಸ್ಪರ್ಧೆಯ ತಾರೆಗಳು ಶೋ ಮುಗಿದ ಮೇಲೆ ಏನು ಮಾಡುತ್ತಾರೆ ಎಂದು ಒಂದು ವಾರಪತ್ರಿಕೆಗೆ ಲೇಖನ ಬೇಕಿತ್ತು. ಗೆದ್ದವನಿಗೆ ಈಗ ಮೂರು ಹೋಟೆಲು. ಇವತ್ತಿಗೂ ಬೆಳಗಿನ ತರಕಾರಿಯನ್ನು ತಾನೇ ಹೋಗಿ ಆರಿಸುತ್ತಾನೆ. ಮೂರನೆಯವಳು ಸಾಸ್ ಬಾಟಲಿಗಳನ್ನು ಮಾರಿ ಆ ದುಡ್ಡಲ್ಲಿ ತಮ್ಮನನ್ನು ಓದಿಸಿದ್ದಾಳೆ. ಇಬ್ಬರ ಬಗ್ಗೆಯೂ ನನಗೆ ಗೌರವವಿದೆ, ಇಬ್ಬರೂ ಈ ಕಥೆಯಿಂದ ಇಲ್ಲಿಗೇ ನಿರ್ಗಮಿಸುತ್ತಾರೆ. ಉಳಿದವಳು ಎರಡನೆಯವಳು. ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಡುಗೆ ಮಾಡುತ್ತಾಳೆ. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ರನ್ನರಪ್ ಎಂದೇ.

೨

ಮೊದಲ ಕರಡಿನ ಶೀರ್ಷಿಕೆ: 'ಶಿಖರದಿಂದ ನೆಲಮಾಳಿಗೆಗೆ'. ಅದನ್ನು ರನ್ನರಪ್‌ಗೆ ಓದಲು ಕೊಟ್ಟೆ. ಅವಳು ಜರಡಿ ಹಿಡಿಯುತ್ತಲೇ ಓದಿದಳು.

"ಏನ್ ಸಾರ್, ಬಿದ್ದೆ ಬಿದ್ದೆ ಅಂತ ಬರ್ದಿದ್ದೀರಿ. ಎಲ್ಲಿಂದ ಬಿದ್ದೆ? ಅರ್ಜಿ ಹಾಕಿ, ಇಂಟರ್‌ವ್ಯೂ ಕೊಟ್ಟು ಸೇರಿದೀನಿ."

"ಓದುಗರಿಗೆ ಸ್ವಲ್ಪ ನೋವು ಬೇಕಾಗುತ್ತೆ."

"ನೋವು ಬೇಕಾದ್ರೆ ಲಿಫ್ಟ್ ಹತ್ತಿ, ಮೂರನೇ ಮಹಡಿ. ಇಲ್ಲಿ ಕುಂಬಳಕಾಯಿ ಬೇಯ್ತಾ ಇದೆ."

"ಕೊನೆಯಲ್ಲಿ ನಿಮ್ಮ ಕಣ್ಣು ತೇವವಾಯಿತು ಅಂತ—"

"ಅದೊಂದು ಬೇಡವೇ ಬೇಡ. ಶೋನಲ್ಲಿ ನಾನು ಅತ್ತಾಗ ಲೈಟು ಸರಿ ಇರ್ಲಿಲ್ಲ ಅಂತ ನನ್ನ ಕೈಲಿ ಮತ್ತೆರಡು ಸಲ ಅಳಿಸಿದಾರೆ. ನನ್ನ ಪಾಲಿನ ಕಣ್ಣೀರು ಮುಗೀತು."

(ಕರಡು ಹರಿದೆ. ಪಾತ್ರಗಳು ಕರಡು ಓದಬಾರದು, ಓದಿದರೆ ಹೀಗೇ.)

೨, ಮತ್ತೊಮ್ಮೆ

ಅವಳ ಕೆಲಸ ಇದು. ಪಾರ್ಶ್ವವಾಯು ಹೊಡೆದವರಲ್ಲಿ ಕೆಲವರಿಗೆ ಗಂಟಲು ನುಂಗುವುದನ್ನೇ ಮರೆತಿರುತ್ತದೆ. ನೀರು ಕೊಟ್ಟರೆ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಜಾರುತ್ತದೆ. ಗಟ್ಟಿ ತುತ್ತು ನಡುದಾರಿಯಲ್ಲೇ ನಿಲ್ಲುತ್ತದೆ. ಅವರಿಗೆ ಬೇಕಾದದ್ದು ಎರಡರ ನಡುವಿನ ಹದ. ಎಲ್ಲವನ್ನೂ ಅರೆಯಬೇಕು, ಜರಡಿ ಹಿಡಿಯಬೇಕು, ಚಮಚ ಓರೆ ಮಾಡಿದರೆ ಇಡಿಯಾಗಿ ಜಾರಬೇಕು, ಹನಿಯಬಾರದು.

ಅವಳು ಬರುವ ಮೊದಲು ತಟ್ಟೆಯಲ್ಲಿ ಮೂರು ಗುಪ್ಪೆಗಳು ಹೋಗುತ್ತಿದ್ದವು: ಕೆಂಪು, ಹಳದಿ, ಹಸಿರು. ಯಾವುದು ಯಾವ ತರಕಾರಿ ಎಂದು ತರಕಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಬಂದ ಮೇಲೂ ಬಣ್ಣ ಮೂರೇ, ಆದರೆ ಕ್ಯಾರೆಟ್ಟನ್ನು ಬೇಯಿಸುವ ಬದಲು ಕೆಂಡದಂಥ ಓವನ್ನಿನಲ್ಲಿ ಸುಟ್ಟು ಅರೆದಳು. ಹೊಸದೇನು ಮಾಡಿದರೂ ಮೊದಲು ತಾನೇ ಒಂದು ಬಟ್ಟಲು ತಿನ್ನುತ್ತಾಳೆ, ಹಲ್ಲು ಸೋಕಿಸದೆ, ನಾಲಿಗೆ ಮತ್ತು ಅಂಗುಳದಲ್ಲಷ್ಟೇ. ನಾನೂ ಪ್ರಯತ್ನಿಸಿದೆ. ಎರಡು ಚಮಚಕ್ಕೆ ದವಡೆ ತಾನಾಗಿ ಅಲ್ಲಾಡಿತು. ಅವಳಿಗೆ ಇಡೀ ಬಟ್ಟಲು ಸಾಧ್ಯ.

೪

(ಮೂರನೆಯ ಭಾಗದಲ್ಲಿ ಅವಳ ಬಾಲ್ಯವಿತ್ತು. ಅಂಥ ವಿಶೇಷವೇನೂ ಇರಲಿಲ್ಲ, ತೆಗೆದೆ.)

ಮೂರನೇ ಮಹಡಿಯ ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್. ಮೂಗಿಗೆ ನಳಿಗೆ ಹಾಕಿದ್ದರು, ಊಟವೆಲ್ಲ ಅದರಲ್ಲೇ. ಮಾತು ತೊದಲು, ತಲೆ ಚುರುಕು. ಬಾಯಿಂದ ಕೊಟ್ಟು ನೋಡಲೆಂದು ಮೊದಲ ಸಲ ಮೂರು ಬಣ್ಣದ ತಟ್ಟೆ ತಂದಾಗ "ಸಿಗ್ನಲ್ಲು" ಎಂದು ಮುಖ ತಿರುಗಿಸಿದವನು ಇವನೇ. ಡಾಕ್ಟರು ಶುಕ್ರವಾರದ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಕೆಮ್ಮದೆ ಒಂದು ಬಟ್ಟಲು ಬಾಯಿಂದ ಉಂಡರೆ ಸರಿ, ಇಲ್ಲವಾದರೆ ಹೊಟ್ಟೆಗೇ ತೂತು ಮಾಡಿ ನಳಿಗೆ. ಆ ನಳಿಗೆ ಕೆಟ್ಟದ್ದಲ್ಲ, ಎಷ್ಟೋ ಜನರನ್ನು ಬದುಕಿಸಿದೆ. ಆದರೆ ಡ್ರೈವರ್ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದ: "ಬಾಯಿ ಇದೆಯಲ್ಲ."

ಬಾಯಿಗೆ ಏನು ಬೇಕು ಎಂದು ರನ್ನರಪ್ ಕೇಳಿ ಕಳಿಸಿದಳು. ಹುರಿದ ಆಲೂಗಡ್ಡೆ ಎಂದು ಉತ್ತರ ಬಂತು.

ಈಗ ಮಂಗಳವಾರದ 11.40. ಆಲೂಗಡ್ಡೆಯ ಬಿಲ್ಲೆಗಳನ್ನು ಬೆಣ್ಣೆಯಲ್ಲಿ ಅಂಚು ಕಂದುವವರೆಗೆ ಹುರಿದು, ಹಾಲಿನಲ್ಲಿ ಅರೆದು, ಎರಡು ಸಲ ಜರಡಿ ಹಿಡಿದು ಕಳಿಸಿದ್ದಳು. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಚಮಚ ಓರೆ ಮಾಡಿ ನೋಡಿ ತಲೆಯಾಡಿಸಿದಳು. ಡ್ರೈವರನ ಹೆಂಡತಿ ಮೊದಲ ಚಮಚ ಇಟ್ಟಳು. ಅವನು ಕಣ್ಣು ಮುಚ್ಚಿ ನುಂಗಿದ.

"ಕರುಕಲು," ಎಂದ. "ಅಂಚು... ಕರುಕಲು."

"ಅದೇ ಇವರಿಗೆ ಇಷ್ಟ," ಎಂದು ಹೆಂಡತಿ ನನ್ನ ಕಡೆ ತಿರುಗಿ ನಕ್ಕಳು. "ಮನೇಲಿ ನಾನು ಸೀಯಿಸಿದ್ರೆ ಜಗಳ ಇಲ್ಲ. ಸೀಯಿಸದಿದ್ರೇನೇ ಜಗಳ."

(ಇಲ್ಲಿಗೆ ಕಥೆ ಮುಗಿಸಿದ್ದೆ. ಎರಡನೇ ಕರಡು, ಒಳ್ಳೆಯ ಕರಡು. ಟಿವಿಯಾಗಿದ್ದರೆ ಪಿಟೀಲು.)

ಹನ್ನೆರಡನೆಯ ಚಮಚಕ್ಕೆ ಅವನು ಕೆಮ್ಮಿದ. ಮುಖ ನೇರಳೆಯಾಯಿತು. ಥೆರಪಿಸ್ಟ್ ಬೆನ್ನು ಹಿಡಿದು ಮುಂದಕ್ಕೆ ಬಾಗಿಸಿದಳು. ಬಟ್ಟಲು ಹೊರಗೆ ಹೋಯಿತು.

೫

"ನಾನು ಕಳಿಸಿದಾಗ ಹದ ಸರಿ ಇತ್ತು," ಎಂದಳು ರನ್ನರಪ್, ಕೆಳಗೆ ಅಡುಗೆಮನೆಯಲ್ಲಿ.

"ನಾನೂ ನೋಡಿದೀನಿ, ಸರಿಯಾಗೇ ಇತ್ತು," ಎಂದಳು ಥೆರಪಿಸ್ಟ್. "ಆಲೂಗಡ್ಡೆ ಸಹವಾಸ ಬೇಡ ಬಿಡಿ. ಕ್ಯಾರೆಟ್ಟೇ ಕೊಡೋಣ."

"ಕ್ಯಾರೆಟ್ ಅವರು ಕೇಳಿಲ್ವಲ್ಲ."

"ಕೇಳಿದ್ದೆಲ್ಲ ಕೊಡೋಕೆ ಇದೇನು ನಿಮ್ಮ ಫೈನಲ್ಲಾ?"

ರನ್ನರಪ್ ಸ್ಟೌ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಮಾತು ತಪ್ಪಿಸಲು ನಾನು ಪತ್ರಕರ್ತರ ಪ್ರಶ್ನೆಯೊಂದನ್ನು ಕೇಳಿದೆ: ಶೋನಲ್ಲಿ ತೀರ್ಪುಗಾರರು ಎಷ್ಟು ತಿನ್ನುತ್ತಿದ್ದರು?

"ಒಂದು ಚಮಚ. ತುಂಬಾ ಹಿಡಿಸಿದ್ರೆ ಎರಡು. ಅಷ್ಟು ವಾರದಲ್ಲಿ ನನ್ನ ಒಂದು ತಟ್ಟೇನೂ ಯಾರೂ ಖಾಲಿ ಮಾಡಿಲ್ಲ ಸಾರ್. ಕಟ್ ಅಂದ್ರು ಅಂದ್ರೆ ಡಸ್ಟ್‌ಬಿನ್ನು."

ಇಷ್ಟು ಹೇಳಿ ನಿಂತಳು. ಕೈಯಲ್ಲಿದ್ದ ಬಟ್ಟೆಯೂ ನಿಂತಿತು.

"ಇಲ್ಲೂ ನಾನು ನೋಡೋದು ಮೊದಲನೇ ಚಮಚಾನೇ ಅಲ್ವಾ," ಎಂದಳು. "ಮೇಲೆ ಹೋಗಿ ಕೊನೆವರೆಗೂ ಒಂದಿನ ಕೂತಿಲ್ಲ."

೬

ಬುಧವಾರ ಅವಳೇ ಮತ್ತೆ ಆಲೂಗಡ್ಡೆಯ ಬಟ್ಟಲು ಹಿಡಿದು ಮೇಲೆ ಬಂದಳು. ಥೆರಪಿಸ್ಟಳನ್ನು ಹೇಗೆ ಒಪ್ಪಿಸಿದಳೋ ತಿಳಿಯದು. ನಾಲ್ಕು ಸಾಲಿನ ಸಂಭಾಷಣೆ ಬರೆದಿದ್ದೆ, ಇಬ್ಬರೂ ಸುಳ್ಳು ಎಂದರು.

ನಿಧಾನದ ಊಟ. ಒಂದು ಚಮಚ, ನುಂಗು, ಮತ್ತೆ ಖಾಲಿ ಬಾಯಲ್ಲೇ ಇನ್ನೊಮ್ಮೆ ನುಂಗು, ಉಸಿರು. ಪ್ರತಿ ಚಮಚಕ್ಕೂ ಹೆಂಡತಿ ಕಂಡಕ್ಟರನಂತೆ "ರೈಟ್" ಎನ್ನುತ್ತಾಳೆ, ಡ್ರೈವರ್ ಬಾಯಿ ತೆರೆಯುತ್ತಾನೆ. ರನ್ನರಪ್ ಅವನ ಮುಖ ನೋಡುತ್ತಿರಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದಳು.

"ಹೋಲ್ಡಾನ್!" ಎಂದಳು ರನ್ನರಪ್.

ಡ್ರೈವರ್ ಬಾಯಿ ತೆರೆದುಕೊಂಡೇ ನಿಂತ. ನೌಕರಿಯ ಅಭ್ಯಾಸ.

ಅವಳು ಬಟ್ಟಲು ಓರೆ ಮಾಡಿದಳು. ಚಮಚ ತಾಗದ ಬದಿ ಗೋಡೆಯಂತೆ ನಿಂತಿತ್ತು. ಚಮಚ ಇಳಿದು ಏಳುತ್ತಿದ್ದ ಬದಿ ತೆಳ್ಳಗಾಗಿ, ಹೊಳೆಯುತ್ತಾ ಹರಿಯಿತು.

"ನೀರು ಹಾಕಿದ್ರಾ ಅಮ್ಮ?"

"ಅಯ್ಯೋ, ನಾನ್ಯಾಕೆ ಹಾಕ್ಲಿ ಟಿವಿಯಮ್ಮ? ಬಟ್ಲಿಂದ ಬಾಯಿಗೆ, ಬಾಯಿಂದ ಬಟ್ಲಿಗೆ. ಇನ್ನೇನು ಮಾಡಿದೀನಿ ನಾನು?"

ಇಷ್ಟು ಸಾಕಾಯಿತು. ಎಂಜಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಅದರ ಕೆಲಸವೇ ಪಿಷ್ಟವನ್ನು ಒಡೆಯುವುದು. ಆಲೂಗಡ್ಡೆಯ ಹದವೆಲ್ಲ ನಿಂತಿರುವುದು ಪಿಷ್ಟದ ಮೇಲೆ. ಚಮಚ ಬಾಯಿಗೆ ಹೋಗಿ ಬಂದಾಗಲೆಲ್ಲ ಬಟ್ಟಲಿಗೆ ಸ್ವಲ್ಪ ಎಂಜಲು ಇಳಿಯುತ್ತದೆ, ಊಟ ಬೇಗ ಮುಗಿಯುವವರಲ್ಲಿ ಅದು ಲೆಕ್ಕಕ್ಕಿಲ್ಲ. ಇಪ್ಪತ್ತು ನಿಮಿಷ ಉಣ್ಣುವವನ ಬಟ್ಟಲಿನಲ್ಲಿ ಗಂಜಿ ನೀರಾಗುತ್ತದೆ. ನಾನು ಅಮೈಲೇಸ್ ಎಂದೆ. ಥೆರಪಿಸ್ಟ್ ಹಣೆ ಚಚ್ಚಿಕೊಂಡಳು: "ಹಾಲು ಗಟ್ಟಿ ಮಾಡೋ ಪೌಡರಿಗೆ ಹೀಗಾಗುತ್ತೆ ಅಂತ ನಾನೇ ಎಲ್ಲರಿಗೂ ಪಾಠ ಮಾಡ್ತೀನಿ. ಆಲೂಗಡ್ಡೆ ತಲೆಗೇ ಬರ್ಲಿಲ್ಲ."

ರನ್ನರಪ್ ಆಗಲೇ ಔಷಧಿಯ ಟ್ರೇಯತ್ತ ಹೋಗಿದ್ದಳು. ಸಿರಪ್ ಅಳೆಯುವ ಪುಟ್ಟ ಲೋಟಗಳನ್ನು ಎತ್ತಿಕೊಂಡಳು. "ಒಂದೊಂದರಲ್ಲಿ ಎರಡೇ ಚಮಚದಷ್ಟು. ಲೋಟಕ್ಕೊಂದು ಹೊಸ ಚಮಚ. ಮುಗೀತು."

"ಕೊನೇ ಲೋಟದ ಹೊತ್ತಿಗೆ ತಣ್ಣಗಾಗಿರುತ್ತಲ್ಲ," ಎಂದೆ. "ತಣ್ಣಗಾದರೆ ಇನ್ನೂ ಗಟ್ಟಿಯಾಗುತ್ತೆ, ರುಚಿಯೂ ಹೋಗುತ್ತೆ."

ಅವಳು ನನ್ನನ್ನು ನೋಡಿ ನಕ್ಕಳು. ಜಂಬದ ನಗೆ, ನನಗೆ ಬಹಳ ಹಿಡಿಸಿದ ನಗೆ. "ಶೋನಲ್ಲಿ ನಾವು ಅಡುಗೆ ಮುಗಿಸಿದ್ಮೇಲೆ ಲೈಟು ಸರಿ ಮಾಡಿ, ತಟ್ಟೆ ಫೋಟೋ ತೆಗೆದು, ಆಮೇಲೆ ರುಚಿ ನೋಡೋರು ಸಾರ್. ತಣ್ಣಗಾದ್ಮೇಲೂ ಚೆನ್ನಾಗಿರೋ ಹಾಗೆ ಮಾಡೋದ್ರಲ್ಲಿ ನನ್ನ ಮೀರಿಸೋರು ಯಾರಿದ್ದಾರೆ ಕರೀರಿ ನೋಡೋಣ."

೭

ಶುಕ್ರವಾರಕ್ಕೆ ನನ್ನ ಬಳಿ ಮೂರು ಅಂತ್ಯಗಳಿದ್ದವು.

ಒಂದು: ಕೊನೆಯ ಲೋಟ, ಚಪ್ಪಾಳೆ, ಡಾಕ್ಟರು ನಳಿಗೆ ಕಿತ್ತೆಸೆಯುತ್ತಾರೆ. (ನಳಿಗೆಯನ್ನು ಹಾಗೆಲ್ಲ ಎಸೆಯುವುದಿಲ್ಲ ಎಂದು ಥೆರಪಿಸ್ಟ್ ಕೆಂಪು ಶಾಯಿಯಲ್ಲಿ ಬರೆದಳು.) ಎರಡು: ಕೊನೆಯ ಲೋಟದಲ್ಲಿ ಕೆಮ್ಮು, ಕಿಟಕಿಯಾಚೆ ಮೋಡ. ಇದು ಬಹುಮಾನಕ್ಕೆ ಕಳಿಸುವಂಥ ಅಂತ್ಯ. ಮೂರು: ಒಂದು ಚಮಚ ಗಾಳಿಯಲ್ಲಿ ನಿಂತಿರುವಾಗಲೇ ಪುಟ ಖಾಲಿ. ಇದನ್ನು ಕೇಳಿ ರನ್ನರಪ್ "ಅದು ಜಾಹೀರಾತಿಗೆ ಬಿಡೋ ಬ್ರೇಕು, ನಾಚಿಕೆ ಆಗಲ್ವಾ" ಎಂದಳು.

ಹಾಗಾಗಿ ಆದದ್ದನ್ನು ಬರೆಯುತ್ತೇನೆ. ಹತ್ತು ಲೋಟ. ಡಾಕ್ಟರು ನಿಂತೇ ನೋಡಿದರು. ಆಲೂಗಡ್ಡೆಗೆ ಹಾಲು ಒಂದು ಗುಟುಕು ಹೆಚ್ಚು, ಬೆಣ್ಣೆ ಇನ್ನೂ ಕಂದು, ಎರಡು ಹನಿ ನಿಂಬೆ. ಹನ್ನೆರಡನೆಯ ಚಮಚದಲ್ಲಿ ನಾವೆಲ್ಲ ಉಸಿರು ಹಿಡಿದೆವು, ಉಸಿರಾಡಿದವನು ಡ್ರೈವರ್ ಒಬ್ಬನೇ. ಕೆಮ್ಮಲಿಲ್ಲ. ಹತ್ತನೇ ಲೋಟದವರೆಗೂ ಕೆಮ್ಮಲಿಲ್ಲ.

ಕೊನೆಯ ಚಮಚ ನುಂಗಿ ಅವನು ರನ್ನರಪ್ ಕಡೆ ನೋಡಿದ.

"ಇದಕ್ಕೆ... ಉಪ್ಪು ಕಮ್ಮಿ."

"ಏನಂದ್ರಿ? ಹತ್ತೂ ಒಂದೇ ಪಾತ್ರೆಯಿಂದ ತುಂಬಿದ್ದು!"

"ಕಮ್ಮಿ."

"ಒಂಬತ್ತು ತಿನ್ನೋವರೆಗೂ ಸುಮ್ನಿದ್ರಿ?"

"ರೋಡ್... ಪೂರ್ತಿ ನೋಡ್ದೆ... ಹೇಳಬಾರದು."

ಅವಳು ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಳು. ಇಷ್ಟು ವರ್ಷದಲ್ಲಿ ಅವಳ ಅಡುಗೆಯ ಕೊನೆಯ ಚಮಚದ ಬಗ್ಗೆ ಮಾತಾಡಿದ ಮೊದಲ ತೀರ್ಪುಗಾರ ಅವನು. ಆಮೇಲೆ ಬೆರಳಿನಿಂದ ಲೋಟ ಬಳಿದು ನೆಕ್ಕಿ, ಮುಖ ಸಿಂಡರಿಸಿ, "ತಣ್ಣಗಾದಾಗ ಚೂರು ಬೇಕು, ನಿಜ," ಎಂದಳು.

ಹೊಟ್ಟೆಯ ನಳಿಗೆಯ ತೀರ್ಮಾನವನ್ನು ಡಾಕ್ಟರು ಒಂದು ವಾರ ಮುಂದಕ್ಕೆ ಹಾಕಿದರು. ಒಂದು ಹೊತ್ತಿನ ಊಟ ಊಟವಲ್ಲ, ಇನ್ನು ದಿನಕ್ಕೆ ಮೂರು ಸಲ ಹೀಗೇ ಆಗಬೇಕು. ಮೂಗಿನ ನಳಿಗೆ ಅಲ್ಲೇ ಇದೆ.

"ಗೆದ್ರು ಅಂತ ಬರೀಬೇಡಿ," ಎಂದಳು ಡ್ರೈವರನ ಹೆಂಡತಿ ನನಗೆ. "ರಾತ್ರಿಗೆ ಮತ್ತೆ ತಿನ್ಬೇಕು ಇವರು."

ಬರೆಯುವುದಿಲ್ಲ. ಥೆರಪಿಸ್ಟ್ ಲೋಟಗಳನ್ನು ತಕ್ಕಡಿಯ ಮೇಲಿಟ್ಟು, ಅಂಟಿ ಉಳಿದದ್ದನ್ನು ಲೆಕ್ಕದಿಂದ ಕಳೆದಳು. ಆ ಮಧ್ಯಾಹ್ನ ಅವನು ಬಾಯಿಂದ ಉಂಡದ್ದು 171 ಗ್ರಾಂ.