ಮಡಚಿದ ನಕಾಶೆ

ತನ್ನ ಮನೆ ಕೆಡವಿಸಿದವನ ಆಫೀಸನ್ನು ನಿಂಗಕ್ಕ ಮೂರು ತಿಂಗಳಿಂದ ಗುಡಿಸುತ್ತಲೇ ಇದ್ದಳು. ಕಂಪ್ಲಿಯ ಹೊಳೆದಂಡೆ ಓಣಿಯೆಲ್ಲ ಉಗಿಯಿತು. "ನಾಚಿಕಿ ಅನ್ನೋದು ಐತೇನವಾ ನಿನಗ?" ಅಂದಳು ನೆರೆಮನೆಯ ಜಂಬವ್ವ. ನಿಂಗಕ್ಕ ಪೊರಕೆ ಹಿಡಿದು ಆಫೀಸಿಗೆ ನಡೆದಳು.

ಆಫೀಸಿನ ಗೋಡೆಗೆ ಗಾಜಿನ ಕಟ್ಟಿನಲ್ಲಿ ಬ್ರಿಟಿಷರ ಕಾಲದ ನಕಾಶೆಯೊಂದಿತ್ತು. ಕವಲೊಡೆದ ತುಂಗಭದ್ರೆ, ರಾಜರು ತೋಡಿಸಿದ ಕಾಲುವೆಗಳು, ಜವುಗು ನೆಲಕ್ಕೆ ಹುಲ್ಲಿನ ಗುರುತು, ಓಣಿಯ ಹತ್ತಿರ ಒಂದು ಚುಕ್ಕಿ ಗೆರೆ. ರೈಸ್‌ಮಿಲ್ಲಿನ ಗಾದಿಲಿಂಗಪ್ಪ ಅದನ್ನೇ ತೋರಿಸಿ, ನಿಂಗಕ್ಕನ ಮನೆ ಕಾಲುವೆ ಮೇಲಿದೆಯೆಂದು ಅರ್ಜಿ ಹಾಕಿ ಜೆಸಿಬಿ ತರಿಸಿದ್ದ. "ಅರ್ಧ ತಾಸು ಐತಿ, ಸಾಮಾನು ತಕ್ಕೊ" ಅಂದಿದ್ದ. ಹಂಚಿನ ಮೇಲಿನ ರೊಟ್ಟಿ ಹಂಚಿನೊಂದಿಗೇ ಮಣ್ಣಾಯಿತು.

ಈಗ ಓಣಿಯ ಉಳಿದ ನಲವತ್ತು ಮನೆಗಳ ಸರದಿ. ವಿಚಾರಣೆಯ ದಿನ ನಕಾಶೆಯ ಕಟ್ಟನ್ನು ತಾಲೂಕು ಕಚೇರಿಗೆ ಹೊತ್ತವಳೂ ನಿಂಗಕ್ಕನೇ.

"ಈ ನಕಾಶೆ ಪೂರ್ತಿ ಖರೆ ಅಂತ ಸಹಿ ಹಾಕ್ತೀರೇನು?" ಅಧಿಕಾರಿ ಮೇಡಂ ಕೇಳಿದರು.

"ಒಂದ್ ಗೆರಿನೂ ಸುಳ್ಳಿಲ್ರಿ" ಎಂದು ಗಾದಿಲಿಂಗಪ್ಪ ಗೀಚಿದ.

ಶಾಯಿ ಆರುವ ತನಕ ನಿಂಗಕ್ಕ ಕಾದಳು. "ಮೇಡಂ, ಕಟ್ಟು ಬಿಚ್ರಿ. ಕೆಳಗಿನ ಅರ್ಧ ಒಳಗ ಮಡಚೇತಿ."

"ಕಸಾ ಹೊಡಿಯಾಕಿಗೆ ನಕಾಶಿ ಏನ್ ಗೊತ್ತಲೇ?" ಗಾದಿಲಿಂಗಪ್ಪ ಗದರಿದ.

"ಮಡಚಿದಾಕಿನ ನಾನು, ಸಾವ್ಕಾರ್ರ! ಕಟ್ಟು ಸಣ್ಣದಾತು, ಕೆಳಗ ಬರೇ ಹುಲ್ಲೈತಿ, ಮಡಚು ಅಂದವ್ರು ನೀವ."

ಕಟ್ಟಿನ ಹಿಂದಿನ ರಟ್ಟು ಕಿತ್ತರು. ಮಡಿಕೆಯ ಕೆಳಗೆ ಹುಲ್ಲೇ ಹುಲ್ಲು: ಕಾಲುವೆಗಳ ಹೆಚ್ಚಿನ ನೀರು ನಿಲ್ಲಲೆಂದು ಬಿಟ್ಟ ಸರ್ಕಾರಿ ಜವುಗು. ಹಂಪಿ ನೋಡಲು ಬರುವವರಿಗಾಗಿ ಗಾದಿಲಿಂಗಪ್ಪ ಮಣ್ಣು ತುಂಬಿ ರೆಸಾರ್ಟು ಎಬ್ಬಿಸಿದ್ದು ಅಲ್ಲೇ. ಮಡಚಿದ್ದ ಅಂಚಿನಲ್ಲಿ ಗುರುತುಗಳ ಅರ್ಥವೂ ಇತ್ತು. ಮೇಡಂ ಓದಿ ಹೇಳಿದರು: "ಓಣಿ ಹತ್ರ ಇರೋ ಚುಕ್ಕಿ ಗೆರೆ ಊರಿನ ಗಡಿ. ಕಾಲುವೆ ಅಲ್ವೇ ಅಲ್ಲ."

ಇದು ಮಾತ್ರ ನಿಂಗಕ್ಕನಿಗೆ ಗೊತ್ತಿರಲಿಲ್ಲ. ಹಾಗಾದರೆ ಮನೆ ಹೋದದ್ದು ಬರೀ ಸುಳ್ಳಿಗೆ.

ನಲವತ್ತು ಮನೆ ಉಳಿದವು. ಮುಂದಿನ ತಿಂಗಳು ಜೆಸಿಬಿ ರೆಸಾರ್ಟಿನ ಮುಂದೆ ನಿಂತಿತು. ಎರಡು ದಿನ ಕೊಡಿರೆಂದು ಗಾದಿಲಿಂಗಪ್ಪ ಕಂಡಕಂಡವರಿಗೆಲ್ಲ ಕೈಮುಗಿಯುತ್ತಿದ್ದ.

"ಪಾಪ ಅನಸ್ತೈತವಾ" ಅಂದಳು ಜಂಬವ್ವ.

"ನನಗ ಅನಸೂದಿಲ್ಲ." ನಿಂಗಕ್ಕ ಜೆಸಿಬಿ ಜೊತೆ ಬಂದಿದ್ದ ಮೇಡಂ ಕಡೆ ತಿರುಗಿದಳು. "ಅರ್ಧ ತಾಸು ಕೊಡ್ರಿ ಅವ್ರಿಗೆ. ಒಂದ್ ನಿಮಿಷ ಕಡಿಮಿ ಬ್ಯಾಡ, ಒಂದ್ ನಿಮಿಷ ಹೆಚ್ಚೂ ಬ್ಯಾಡ."

ಆಮೇಲೆ ಎದುರಿನ ಗಡಿಕಲ್ಲಿನ ಮೇಲೆ ಕೂತು, ಬುತ್ತಿ ಬಿಚ್ಚಿ, ರೊಟ್ಟಿ ಮುರಿದಳು.