ನಾನೂರ ಹನ್ನೆರಡು, ಎಲ್ಲವೂ ಮುದಿ

೧
ಎಲ್ಲಿಂದ ಶುರುಮಾಡಲಿ? ಅಣೆಕಟ್ಟಿನಿಂದ ಅಂದರೆ ವರದಿ ಎಂದುಕೊಂಡು ಪುಟ ತಿರುವುತ್ತೀರಿ. ಕಪ್ಪೆಚಿಪ್ಪಿನಿಂದ ಅಂದರೆ ಕಪ್ಪೆ ಎಲ್ಲಿ ಎಂದು ಕೇಳುತ್ತೀರಿ. (ಕಪ್ಪೆ ಇಲ್ಲ. ಎರಡು ಚಿಪ್ಪಿನ ನಡುವೆ ಮೆತ್ತಗಿನ ಒಂದು ಜೀವ, ಹೊಳೆಯ ಮರಳಲ್ಲಿ ಅರ್ಧ ಹೂತುಕೊಂಡಿರುತ್ತದೆ. ಅಷ್ಟೆ.) ಅಕ್ಕನಿಂದಲೇ ಶುರುಮಾಡುತ್ತೇನೆ.

೨
ಅಕ್ಕನಿಗೆ ಐವತ್ತೇಳು. ಅಣೆಕಟ್ಟಿಗೂ ಮೇಲಿನ ಹೊಳೆಯಲ್ಲಿ ಕಪ್ಪೆಚಿಪ್ಪು ಎಣಿಸುವುದು ಅವಳ ಕೆಲಸ. ಮೊಣಕಾಲುದ್ದ ನೀರಲ್ಲಿ ಬಗ್ಗಿ, ತಳಕ್ಕೆ ಗಾಜು ಕೂರಿಸಿದ ಬಕೆಟ್ಟಿನೊಳಗೆ ಇಣುಕಿ, ಕಂಡದ್ದನ್ನು ಎತ್ತಿ ಅಳೆದು, ಇದ್ದಲ್ಲೇ ಮತ್ತೆ ಹೂಳುತ್ತಾಳೆ. ಅಳತೆ ಬರೆದುಕೊಳ್ಳುತ್ತಿದ್ದವರು ಭಾವ. ಅವರು ತೀರಿಕೊಂಡು ಎರಡು ವರ್ಷ. ಈಗಲೂ ಅಕ್ಕ ಅಳತೆಯನ್ನು ಜೋರಾಗಿ ಕೂಗುತ್ತಾಳಂತೆ. ಆಮೇಲೆ ತಾನೇ ದಡಕ್ಕೆ ಬಂದು ಬರೆಯುತ್ತಾಳಂತೆ. (ಇಲ್ಲಿ ಕಣ್ಣೀರಿನ ಪ್ಯಾರಾ ಒಂದಿತ್ತು. ಹೊಡೆದುಹಾಕಿದೆ. ಅವಳು ಅತ್ತದ್ದನ್ನು ನಾನು ಕಂಡಿಲ್ಲ. ಕಾಣಲು ಹೋಗಿಯೂ ಇಲ್ಲ.)

೩
ಈ ಸಲ ನಾನೂರ ಹನ್ನೆರಡು ಸಿಕ್ಕವು. ಸರ್ವೆ ಮಾಡಿಸುವ ಕಚೇರಿಯ ಮುಖ್ಯಸ್ಥರಿಗೆ ಖುಷಿಯೋ ಖುಷಿ.

"ಜೀವಂತ ನಾನೂರ ಹನ್ನೆರಡು ಅಂತ ಬರೀರಿ ಮೇಡಂ, ಸಾಕು. ಅಣೆಕಟ್ಟಿಂದ ತೊಂದ್ರೆ ಇಲ್ಲ ಅಂತಾಯ್ತು."

"ಒಂದೂ ಮರಿ ಇಲ್ಲ ಸರ್. ಎಲ್ಲಾ ಮುದಿ."

ಕಪ್ಪೆಚಿಪ್ಪಿನ ಮರಿ ಮೊದಲ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡು ಬೆಳೆಯುತ್ತದೆ. ಕಟ್ಟೆ ಎದ್ದ ಮೇಲೆ ಆ ಮೀನು ಇತ್ತ ಬರುತ್ತಿಲ್ಲ. ಇರುವ ಮುದಿಗಳು ಇನ್ನೂ ಮೂವತ್ತು ವರ್ಷ ಬದುಕಿಯಾವು. ಆಮೇಲೆ ಯಾರೂ ಇಲ್ಲ.

ಅಕ್ಕ ಅದನ್ನೇ ಬರೆದು ಕೊಟ್ಟಳು. ಮುಂದಿನ ಸರ್ವೆಗೆ ಅವಳು ಬೇಡವೆಂದು ಪತ್ರ ಬಂತು.

೪
ಮೊದಲ ಮುಕ್ತಾಯ: ಮುಖ್ಯಸ್ಥರಿಗೆ ಜ್ಞಾನೋದಯವಾಗುತ್ತದೆ. (ನನಗೇ ನಗು ಬಂತು.)

ಎರಡನೆಯದು: ಕೊನೆಯ ದಿನ ಅಕ್ಕನಿಗೆ ಉಗುರಿನಷ್ಟು ಪುಟ್ಟ ಮರಿಯೊಂದು ಸಿಗುತ್ತದೆ. ಇದನ್ನು ಚೆನ್ನಾಗಿಯೇ ಬರೆದಿದ್ದೆ. ಫೋನಿನಲ್ಲಿ ಓದಿ ಹೇಳಿದೆ.

"ಎಲ್ಲಿ ಸಿಕ್ತೇ ನಂಗದು?"

"ಕಥೇಲಿ, ಅಕ್ಕ. ಸಿಗ್ಲಿ ಬಿಡು. ನಿಂಗೂ ಒಂಚೂರು ಸಮಾಧಾನ."

"ಸಿಗದೇ ಇದ್ದಿದ್ದನ್ನ ಬರೆಯೋ ಹಾಗಿದ್ರೆ ನನ್ನ ಕೆಲಸ ಉಳೀತಿತ್ತು ಕಣೇ."

ಪುಟ ಹರಿದೆ.

"ನಮ್ಮನೆಗೆ ಬಂದ್ಬಿಡು" ಎಂದೆ.

"ಆಚೆ ದಂಡೆ ಎಣಿಸೋದು ಬಾಕಿ ಇದೆ."

"ಯಾರು ಕೇಳಿದ್ದಾರೆ ಈಗ ಅದನ್ನ?"

"ಯಾರೂ ಇಲ್ಲ" ಎಂದು ಫೋನಿಟ್ಟಳು.

೫
ಮೂರನೆಯ ಮುಕ್ತಾಯವನ್ನು ಮೇಜಿನ ಮುಂದೆ ಕೂತು ಬರೆಯಲಾಗಲಿಲ್ಲ. ಬಸ್ಸು ಹತ್ತಿದೆ. ಈಗ ದಡದಲ್ಲಿದ್ದೇನೆ. ಅಕ್ಕ ನಡುಹೊಳೆಯಲ್ಲಿ ಬಗ್ಗಿದ್ದಾಳೆ, ನನ್ನನ್ನು ನೋಡಿಲ್ಲ. ಕೂಗಿದರೆ ಬೆಚ್ಚುತ್ತಾಳೋ, ಬೈಯುತ್ತಾಳೋ, ಗೊತ್ತಿಲ್ಲ. ನಿಮಗೆ ಹೇಳಲು ಮುಂದಿನ ವಾಕ್ಯವೂ ನನ್ನಲ್ಲಿಲ್ಲ. ಚಪ್ಪಲಿ ಬಿಚ್ಚಿ ಒಂದು ಕಾಲು ಇಟ್ಟೆ. ನೀರು ತುಂಬಾ ತಣ್ಣಗಿದೆ